ಮಳೆನೀರು ಕೊಯ್ಲಿನ ವೆಬಿನಾರ್: ಒಂದು ಗಂಟೆ ಸಾಕಾ, ಎರಡು ಬೇಕಾ?

ಬಡಾವಣೆ_ಕಾರ್ಯದರ್ಶಿ:
ನಮಸ್ಕಾರ. ನಮ್ಮ ನಿವಾಸಿಗಳ ಸಂಘದಿಂದ ಮಳೆನೀರು ಕೊಯ್ಲಿನ ಬಗ್ಗೆ ಕನ್ನಡದಲ್ಲಿ ವೆಬಿನಾರ್ ಇಟ್ಟುಕೊಂಡಿದ್ದೇವೆ. ಭಾನುವಾರ, ಝೂಮ್‌ನಲ್ಲಿ. 60–80 ಜನ ಸೇರಬಹುದು, ಹೆಚ್ಚಿನವರು 30×40 ಸೈಟಿನಲ್ಲಿ ಸ್ವಂತ ಮನೆ ಇರುವವರು. ಮಾತಾಡೋರು ಇಬ್ಬರು: ಒಬ್ಬರು ಎಂಜಿನಿಯರ್, ಇನ್ನೊಬ್ಬರು ಪ್ಲಂಬಿಂಗ್ ಗುತ್ತಿಗೆದಾರರು. ಎಂಜಿನಿಯರ್ 64 ಸ್ಲೈಡ್ ಕಳಿಸಿ ಎರಡು ಗಂಟೆ ಬೇಕು ಅಂದಿದ್ದಾರೆ. ಸಮಿತಿಯವರು ಒಂದು ಗಂಟೆ ಮೀರಬಾರದು ಅಂತಾರೆ. ಝೂಮ್‌ಗೆ ಇನ್ನೂ ದುಡ್ಡು ಕಟ್ಟಿಲ್ಲ. ಅವಧಿ ಯಾವ ಲೆಕ್ಕದಲ್ಲಿ ಗೊತ್ತುಮಾಡೋದು?

ತಾರಸಿ_ಲೆಕ್ಕ:
ಮೊದಲು ಝೂಮ್ ವಿಷಯ ಮುಗಿಸಿಬಿಡೋಣ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಕಟ್ ಆಗುತ್ತೆ. ಮತ್ತೆ ಸೇರಿ ಅಂದರೆ ಬಹಳ ಜನ ವಾಪಸ್ ಬರಲ್ಲ. ಗೂಗಲ್ ಮೀಟ್ ಉಚಿತದಲ್ಲಿ 60 ನಿಮಿಷ ಸಿಗುತ್ತೆ. ಎರಡರಲ್ಲೂ 100 ಜನರ ಮಿತಿ ಇದೆ. ಒಂದೇ ಮನೆಯಿಂದ ಎರಡು ಫೋನಲ್ಲಿ ಸೇರಿದರೆ ಎರಡು ಲೆಕ್ಕ ಅನ್ನೋದು ನೆನಪಿರಲಿ. ಒಂದು ಗಂಟೆ ದಾಟುವ ಯೋಚನೆ ಇದ್ದರೆ ಒಂದು ತಿಂಗಳ ಮಟ್ಟಿಗೆ ದುಡ್ಡು ಕಟ್ಟಿಬಿಡಿ.

ಇನ್ನು ಸ್ಲೈಡ್. 64 ಸ್ಲೈಡ್‌ಗೆ ತಲಾ ಎರಡು ನಿಮಿಷ ಅಂದರೂ 128 ನಿಮಿಷ, ಎರಡು ಗಂಟೆಯಲ್ಲೂ ಮುಗಿಯಲ್ಲ. ಸ್ಲೈಡ್ ಇಂಗ್ಲಿಷಿನಲ್ಲಿದ್ದು ಮಾತು ಕನ್ನಡದಲ್ಲಾದರೆ ಇನ್ನೂ ಕಷ್ಟ. ಮಾತಾಡೋರು ಮೊದಲು ಇಂಗ್ಲಿಷ್ ಓದಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳ್ತಾರೆ. ಪ್ರತಿ ಸ್ಲೈಡೂ ಎರಡೆರಡು ಸಲ ಆದ ಹಾಗೆ. ಸ್ಲೈಡನ್ನೇ ಕನ್ನಡಕ್ಕೆ ತಂದರೆ ಅವಧಿ ಅಲ್ಲೇ ಎಷ್ಟೋ ಇಳಿಯುತ್ತೆ.

ಯಾವುದನ್ನ ಉಳಿಸಿಕೊಳ್ಳೋದು? ಕೇಳಿದವರು ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅಂತ ಬರೆದುಕೊಳ್ಳಿ. ನಿಮ್ಮ ವಿಷಯದಲ್ಲಿ ಅದು ಮೂರೇ: ನಮ್ಮ ತಾರಸಿಯಿಂದ ಎಷ್ಟು ನೀರು ಬರುತ್ತೆ, ಫಿಲ್ಟರ್ ಎಲ್ಲಿ ಕೂರಬೇಕು, ಆ ನೀರು ಸಂಪಿಗೋ, ನೆಲಕ್ಕೆ ಇಂಗಿಸುವ ಇಂಗುಗುಂಡಿಗೋ. ಇದಕ್ಕೆ ಸೇರದ ಸ್ಲೈಡ್ ತೆಗೆದುಹಾಕಿ. ಜಗತ್ತಿನ ನೀರಿನ ಬಿಕ್ಕಟ್ಟು, ಉಪಗ್ರಹ ಚಿತ್ರ ಎಲ್ಲಾ ಹೋಗಲಿ, ಬಂದಿರೋರು ಅದನ್ನ ಒಪ್ಪಿಕೊಂಡೇ ಬಂದಿರ್ತಾರೆ.

ಉಳಿದ ಸ್ಲೈಡ್‌ಗಳಿಗೂ ಸಮಸಮ ಹಂಚಬೇಡಿ. ಲೆಕ್ಕದ ಸ್ಲೈಡ್ ನೋಡಿ: ತಾರಸಿ 1000 ಚದರಡಿ, ಅಂದರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 20 ಮಿ.ಮೀ. ಮಳೆಗೆ 1860 ಲೀಟರ್. ಆವಿ, ಸೋರಿಕೆ ಕಳೆದು 0.8ರಿಂದ ಗುಣಿಸಿದರೆ 1500 ಲೀಟರ್ ಹತ್ತಿರ. ಓದಿಬಿಟ್ಟರೆ 40 ಸೆಕೆಂಡ್. ಆದರೆ ಪೇಪರ್ ತಗೊಂಡು ನಿಮ್ಮ ತಾರಸಿಗೆ ಹಾಕಿ ನೋಡಿ ಅಂದರೆ 6 ನಿಮಿಷ, ಅದಕ್ಕಿಂತ ಕಮ್ಮಿ ಆಗಲ್ಲ. ಆ 6 ನಿಮಿಷ ಕೊಡಲೇಬೇಕು. ಬೆಂಗಳೂರು ಜಲಮಂಡಳಿ ನಿಯಮದ ಸ್ಲೈಡ್‌ಗೆ ಒಂದೂವರೆ ನಿಮಿಷ ಸಾಕು.

ನನ್ನ ಲೆಕ್ಕ 75 ನಿಮಿಷ: ಶುರುವಿಗೆ 5, ಎಂಜಿನಿಯರ್‌ಗೆ 25, ಗುತ್ತಿಗೆದಾರರಿಗೆ 15, ಪ್ರಶ್ನೆಗೆ 25, ಕೊನೆಗೆ 5. ಎಂಜಿನಿಯರ್‌ಗೆ 12 ಸ್ಲೈಡ್ ಮೀರದಿರಲಿ.

ಮ್ಯೂಟ್_ಮಾಡಿ_ಸಾರ್:
75 ಒಪ್ಪಿದೆ, ಒಂದು ತಿದ್ದುಪಡಿ. ಪ್ರಶ್ನೆಗಳನ್ನೆಲ್ಲಾ ಕೊನೆಗೆ ಇಡಬೇಡಿ. ಮೊದಲ ಭಾಷಣ 10 ನಿಮಿಷ ಎಳೆದರೆ ಆ 10 ನಿಮಿಷ ಕಟ್ ಆಗೋದು ಪ್ರಶ್ನೆಯಿಂದಲೇ. ಎಂಜಿನಿಯರ್ ಆದ ಮೇಲೆ 10, ಗುತ್ತಿಗೆದಾರರು ಆದ ಮೇಲೆ 15 ಮಾಡಿ.

ಒಂದು ಪ್ರಶ್ನೆಗೆ ಕೇಳೋದು, ಉತ್ತರ, ಮರುಪ್ರಶ್ನೆ ಸೇರಿ ಮೂರು ನಿಮಿಷ ಹಿಡಿಯುತ್ತೆ. ಅಂದರೆ 25 ನಿಮಿಷಕ್ಕೆ ಎಂಟು ಪ್ರಶ್ನೆ. ಕೇಳೋರಿಗೇ ಮೈಕ್ ಕೊಟ್ಟರೆ ಮೂರು ಪ್ರಶ್ನೆಗೇ ಮುಗಿಯಿತು, ಪ್ರಶ್ನೆಗಿಂತ ಪೀಠಿಕೆ ಉದ್ದ ಇರುತ್ತಲ್ಲ! ಚಾಟ್‌ನಲ್ಲಿ ಹಾಕಿ ಅಂದರೆ ಫೋನಲ್ಲಿ ಕನ್ನಡ ಟೈಪ್ ಮಾಡಲು ಹಿರಿಯರಿಗೆ ಕಷ್ಟ. ಗುರುವಾರದ ಹೊತ್ತಿಗೇ ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶದಲ್ಲಿ ಪ್ರಶ್ನೆ ತರಿಸಿಕೊಳ್ಳಿ, ಒಂದೇ ಥರದವನ್ನ ಸೇರಿಸಿ ನಿರೂಪಕರೇ ಕೇಳಲಿ.

ಹೊತ್ತು: 11ಕ್ಕೆ ಶುರು, 12:15ಕ್ಕೆ ಮುಕ್ತಾಯ. 10 ಅಂದರೆ ಭಾನುವಾರ ತಿಂಡಿ ಮುಗಿದಿರಲ್ಲ, 12:30 ದಾಟಿದರೆ ಅಡುಗೆಮನೆಯಿಂದ ಕರೆ ಬರುತ್ತೆ. ಝೂಮ್‌ನಲ್ಲಿ ಶೆಡ್ಯೂಲ್ ಮಾಡುವಾಗ ಹಾಕುವ ಅವಧಿ ಕ್ಯಾಲೆಂಡರ್‌ಗೆ ಮಾತ್ರ, ದುಡ್ಡು ಕಟ್ಟಿದ ಖಾತೆಯಲ್ಲಿ ಅಷ್ಟಕ್ಕೇ ಮೀಟಿಂಗ್ ನಿಲ್ಲಲ್ಲ. ಹಾಗಂತ 60 ಅಂತ ಹಾಕಿ 75 ಎಳೆಯಬೇಡಿ, ಆಹ್ವಾನದಲ್ಲಿ ಹಾಕಿದ ಹೊತ್ತಿಗೆ ಜನ ಏಳ್ತಾರೆ.

ಕರೆಂಟ್ ಹೋದರೆ ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲಿ ರೂಟರ್ ಆಫ್ ಆಗಿ ಆನ್ ಆದರೆ ಎರಡು ಮೂರು ನಿಮಿಷ ಹೋಯಿತು. ರೂಟರ್‌ಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್ ಹಾಕಿ. ಬೇರೆ ಮನೆಯಲ್ಲಿರುವ ಇನ್ನೊಬ್ಬರನ್ನ ಕೋ-ಹೋಸ್ಟ್ (ಮೀಟಿಂಗ್ ನಡೆಸುವ ಎರಡನೆಯವರು) ಮಾಡಿಡಿ.

ಸಂಪು_ತುಂಬ:
ನಾನು ಇಬ್ಬರಿಗೂ ಸ್ವಲ್ಪ ವಿರುದ್ಧ. ಎಂಜಿನಿಯರ್ ಎರಡು ಗಂಟೆ ಕೇಳಿದ್ದು ಪೂರ್ತಿ ತಪ್ಪಲ್ಲ. ಪೈಪ್ ಇಳಿಜಾರು, ಇಂಗುಗುಂಡಿಯ ಆಳ, ಹಳೆ ಮನೆಯಲ್ಲಿ ನಾಲ್ಕು ಮೂಲೆಯ ಡೌನ್‌ಪೈಪ್ ಒಂದಕ್ಕೆ ಸೇರಿಸೋದು, ಇವು 75 ನಿಮಿಷಕ್ಕೆ ನಿಲುಕಲ್ಲ. ಆದರೆ ಇವು ಬೇಕಿರೋದು ನಿಜವಾಗಿ ಮಾಡಿಸಲು ಹೊರಟ ಹತ್ತು ಹದಿನೈದು ಮನೆಯವರಿಗೆ ಮಾತ್ರ. ಅವರಿಗೆ ಮುಂದಿನ ಭಾನುವಾರ ಬೇರೆ 90 ನಿಮಿಷ ಇಡಿ, ಮನೆಯ ನಕ್ಷೆ ಕೈಯಲ್ಲಿ ಇಟ್ಟುಕೊಂಡು ಕೂರಲಿ, 45ಕ್ಕೆ ಐದು ನಿಮಿಷ ಬಿಡುವು ಕೊಡಿ. ಅದಕ್ಕಿಂತ ಒಳ್ಳೆಯದು, ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರ ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ.

ಬಡಾವಣೆ_ಕಾರ್ಯದರ್ಶಿ:
ಎಲ್ಲರಿಗೂ ಧನ್ಯವಾದ. 75ಕ್ಕೆ ಸಮಿತಿ ಒಪ್ಪಿತು. 64ರಿಂದ 12ಕ್ಕೆ ಇಳಿಸಿ ಅಂತ ಎಂಜಿನಿಯರ್‌ಗೆ ಹೇಗೆ ಹೇಳೋದು? ಹಿರಿಯರು, ಬೇಜಾರು ಮಾಡಿಕೊಳ್ಳಬಾರದು.

ತಾರಸಿ_ಲೆಕ್ಕ:
ಕಮ್ಮಿ ಮಾಡಿ ಅನ್ನಬೇಡಿ. "ಸರ್, 64 ಸ್ಲೈಡನ್ನೂ ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸ್ತೀವಿ, ಅದರಲ್ಲಿ ನಿಮ್ಮ ಬಾಯಿಂದಲೇ ಕೇಳಬೇಕಾದ ಹನ್ನೆರಡು ಯಾವುದು ಹೇಳಿ" ಅನ್ನಿ. ಬುಧವಾರ ಒಂದು ಅಭ್ಯಾಸ ಇಟ್ಟು ಗಡಿಯಾರ ಹಿಡಿಯಿರಿ. ಅಭ್ಯಾಸದಲ್ಲಿ 25 ಬಂದರೆ ಭಾನುವಾರ 30 ಆಗುತ್ತೆ, ಸ್ಕ್ರೀನ್ ಕಾಣ್ತಿದೆಯಾ, ದನಿ ಕೇಳ್ತಿದೆಯಾ ಅನ್ನೋದಕ್ಕೇ ಅಷ್ಟು ಹೋಗುತ್ತೆ. ಅಭ್ಯಾಸದಲ್ಲಿ 20 ಬರುವವರೆಗೆ ಕತ್ತರಿಸಿ.

ಮ್ಯೂಟ್_ಮಾಡಿ_ಸಾರ್:
ಗುತ್ತಿಗೆದಾರರನ್ನೂ ಅಭ್ಯಾಸಕ್ಕೆ ಕೂರಿಸಿ. ಅವರು ಫಿಲ್ಟರ್ ಬಿಚ್ಚಿ ತೋರಿಸ್ತಾರಾದರೆ ಮುಚ್ಚಳ ಮೊದಲೇ ಸಡಿಲ ಮಾಡಿಟ್ಟಿರಲಿ, ಕ್ಯಾಮೆರಾ ಮುಂದೆ ಸ್ಪ್ಯಾನರ್ ತಿರುಗಿಸುತ್ತಾ ಎರಡು ನಿಮಿಷ ಹೋಗಿಬಿಡುತ್ತೆ. ಫೋನ್ ಹಿಡಿಯೋಕೆ ಇನ್ನೊಬ್ಬರು ಬೇಕು, ಅಡ್ಡಡ್ಡ ಹಿಡಿದು, ಹಿಂದಿನ ಕ್ಯಾಮೆರಾದಲ್ಲಿ.