ಸಹಾಯ ಬೇಕು: ಆರ್ಡುಯಿನೊ ಊನೊದಿಂದ ನಿಲ್ಲದೆ ಡೇಟಾ ಕಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ನಮ್ಮಪ್ಪನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಹಳೇ ಮೋಟರಿನ ಬೇರಿಂಗ್ ಪೂರ್ತಿ ಕೆಡುವ ಮುಂಚೆಯೇ ಅದರ ಅದುರುವಿಕೆಯಿಂದ ತಿಳಿದುಕೊಳ್ಳಬೇಕು ಅನ್ನೋದು ನನ್ನಾಸೆ. ಎಸ್.ಪಿ. ರೋಡಿನಿಂದ ಆರ್ಡುಯಿನೊ ಊನೊ ಅನ್ನೋ, ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಬೋರ್ಡು, ಅದುರುವಿಕೆ ಅಳೆಯುವ ಎಡಿಎಕ್ಸ್‌ಎಲ್335 ಸೆನ್ಸರ್ ತಂದಿದ್ದೇನೆ.

ಮೂರೂ ಅಕ್ಷಗಳನ್ನು ಸೆಕೆಂಡಿಗೆ 1000 ಸಲ ಓದಿ ಲ್ಯಾಪ್‌ಟಾಪಿಗೆ ಕಳಿಸಬೇಕು. ಶುರುವಿನಲ್ಲಿ ಸರಿ ಬರುತ್ತೆ, ಆಮೇಲೆ ಸಮಯದ ಅಂತರವೆಲ್ಲ ಏರುಪೇರು. ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ‘512,498,610’ ಅಂತ ಅಕ್ಷರದಲ್ಲಿ ಕಳಿಸಿದರೆ, ಸಾಲು ಮುಗಿಸುವ ಗುರುತೂ ಸೇರಿ 13 ಬೈಟ್, ಅಂದರೆ ಸೆಕೆಂಡಿಗೆ 13,000. 115200 ಬಾಡ್‌ನಲ್ಲಿ (ಅಂದರೆ ಸೆಕೆಂಡಿಗೆ ಅಷ್ಟು ಬಿಟ್; ಒಂದು ಬೈಟ್ ಕಳಿಸಲು 10 ಬಿಟ್ ಬೇಕು) ಹೋಗುವುದೇ 11,520 ಬೈಟ್. ಕಳಿಸಬೇಕಾದ ಡೇಟಾ ಸರದಿ ಕಾಯುವ 64 ಬೈಟಿನ ಜಾಗ (ಬಫರ್) ತುಂಬಿದ ಕೂಡಲೇ ಪ್ರೋಗ್ರಾಂ ಅಲ್ಲೇ ಕಾಯುತ್ತಾ ನಿಲ್ಲುತ್ತೆ.

ಅಕ್ಷರದ ಬದಲು ನೇರ ಬೈನರಿ ಅಂಕಿಗೆ ಬದಲಿಸಿ, ಅಕ್ಷಕ್ಕೆ 2ರಂತೆ 6 ಬೈಟಿಗೆ ಇಳಿಸಿದೆ. ವೇಗ ಸರಿಹೋಯಿತು. ಆದರೆ ನಡುವೆ ಒಂದೇ ಒಂದು ಬೈಟ್ ತಪ್ಪಿದರೂ ಮುಂದಿನ ಅಂಕಿಯೆಲ್ಲ ಕಲಸುಮೇಲೋಗರ.

ಪ್ರತಿ ಪ್ಯಾಕೆಟ್ಟಿಗೂ (ಒಂದು ಸಲಕ್ಕೆ ಕಳಿಸುವ ಕಂತು) ಆರಂಭದ ಗುರುತು, ಕ್ರಮಸಂಖ್ಯೆ, ಡೇಟಾ ಕೆಟ್ಟಿದೆಯಾ ಅಂತ ಪತ್ತೆಹಚ್ಚುವ ಚೆಕ್‌ಸಮ್ ಮೂರೂ ಬೇಕಾ? 500000 ಬಾಡ್‌ಗೆ ಹೋದರೆ ಉದ್ದ ಯುಎಸ್‌ಬಿ ಕೇಬಲ್ಲಿನಲ್ಲಿ ತೊಂದರೆ ಆಗುತ್ತಾ? ಪೈಥಾನ್‌ನಲ್ಲಿ ಇದನ್ನು ಓದಿಸಿ ಗಂಟೆಗಟ್ಟಲೆ ಓಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಭಾನುವಾರ ಬೋರ್ಡು ಹಿಡಿದುಕೊಂಡು ಊರಿನ ಯಾವ ಮೂಲೆಗಾದರೂ ಬರುತ್ತೇನೆ.