ಸಂಸದರು ಕೇಳಿದ್ದಾರೆ ಸರಿ, ಉತ್ತರ ಓದಿದವರು ಯಾರು?

ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪು, ಭಾನುವಾರ.

ಭಾವ: (ಚಿತ್ರ) ನಮ್ಮ ಸಂಸದರು ಈ ಅಧಿವೇಶನದಲ್ಲಿ ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗಳ ಪಟ್ಟಿ ನೋಡಿ. ಆರೋಗ್ಯ, ನ್ಯಾಯಾಂಗ, ಶಿಕ್ಷಣ, ರಕ್ಷಣೆ, ಒಂದನ್ನೂ ಬಿಟ್ಟಿಲ್ಲ. ಬಾಯಿ ಬಿಡದೆ ಐದು ವರ್ಷ ಕಳೆದುಬಿಡುವವರ ನಡುವೆ ಇಂಥವರೂ ಇದ್ದಾರೆ. ಎಲ್ಲರೂ ನಿಮ್ಮ ನಿಮ್ಮ ಗುಂಪುಗಳಿಗೆ ಕಳುಹಿಸಿ.

ಅಣ್ಣ: ನಾನು ಕಳುಹಿಸುವುದಿಲ್ಲ ಭಾವ. ನಮ್ಮೂರ ರಸ್ತೆಯ ಗುಂಡಿ ಮುಚ್ಚಿಸಲಾಗದವರು ದೆಹಲಿಯಲ್ಲಿ ಪ್ರಶ್ನೆ ಕೇಳಿ ಏನು ಕಡಿದು ಗುಡ್ಡೆ ಹಾಕುತ್ತಾರೆ? ಪ್ರಶ್ನೆ ಬರೆದುಕೊಡುವವರು ಸಹಾಯಕರು, ಉತ್ತರ ಬರೆಯುವವರು ಗುಮಾಸ್ತರು. 2005ರಲ್ಲಿ ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ 11 ಸಂಸದರನ್ನು ಸದನದಿಂದ ಉಚ್ಚಾಟಿಸಿದ್ದು ಮರೆತುಹೋಯಿತೇ?

ಭಾವ: ಮರೆತಿಲ್ಲ. ಯಾರೋ ಮಾಡಿದ ತಪ್ಪಿಗೆ ಕೆಲಸ ಮಾಡುವವರ ಕಾಲೆಳೆಯಬೇಡ.

ಸುಬೇದಾರ್ ಮಾವ: ರಸ್ತೆಯ ಮಾತು ಆಮೇಲೆ. ರಕ್ಷಣಾ ಇಲಾಖೆಯ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳುವುದೇ ನನಗೆ ಸರಿ ಕಾಣುವುದಿಲ್ಲ. ಸೇನೆಯ ಲೆಕ್ಕಪತ್ರವನ್ನು ನಾವು ಮಾತ್ರ ಓದುವುದಿಲ್ಲ, ಗಡಿಯಾಚೆಯವರೂ ಓದುತ್ತಾರೆ.

ಚಿಕ್ಕಮ್ಮ: ನನಗೆ ಶಿಕ್ಷಣದ ಪ್ರಶ್ನೆ ನೋಡಿ ಬೇಸರವಾಯಿತು. ‘ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರ ಕೊರತೆ’ ಎಂದಿದೆ. ನಲಿಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಪದ್ಧತಿ. ನನ್ನ ಕೊನೆಯ ಶಾಲೆಯಲ್ಲಿ ನಾಲ್ಕು ಮತ್ತು ಐದನ್ನೂ ನಾನೇ ನೋಡಿಕೊಂಡೆ, ಬಿಸಿಯೂಟದ ದಾಖಲೆಯನ್ನೂ ನಾನೇ ಬರೆದೆ. ಆ ಕೊರತೆಯನ್ನು ಕೇಳಬೇಕಾದದ್ದು ವಿಧಾನಸೌಧದಲ್ಲಿ. ದೆಹಲಿಯಲ್ಲಿ ಕೇಳಿದರೆ ಯಾರಿಗೆ ಉಪಯೋಗ?

ನಾನು: ಭಾವ, ಬೆಳಿಗ್ಗೆಯಿಂದ ಆ ಪಟ್ಟಿಯ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಲೋಕಸಭೆಯ ಜಾಲತಾಣದಲ್ಲಿ ತೆಗೆದು ಓದುತ್ತಿದ್ದೆ. ನೀವು ಹಂಚಿಕೊಂಡ ಚಿತ್ರದಲ್ಲಿ ಉತ್ತರದ ಒಂದು ಸಾಲೂ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಚಿಕ್ಕಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಶಿಕ್ಷಣವು ಸಂವಿಧಾನದ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ವಿಷಯ. ಆದರೂ ಬಂದ ಉತ್ತರದ ಮೊದಲ ವಾಕ್ಯವೇ ‘ಶಿಕ್ಷಕರ ನೇಮಕಾತಿ ರಾಜ್ಯ ಸರ್ಕಾರದ ವ್ಯಾಪ್ತಿಗೆ ಬರುತ್ತದೆ’ ಎಂಬುದು. ಅಲ್ಲಿಗೆ ಮುಗಿಯಿತು. ನ್ಯಾಯಾಂಗದ ಪ್ರಶ್ನೆಯೂ ಹಾಗೆಯೇ. ಹೈಕೋರ್ಟ್ ನ್ಯಾಯಮೂರ್ತಿಗಳ ಖಾಲಿ ಹುದ್ದೆ ಯಾವಾಗ ಭರ್ತಿಯಾಗುತ್ತದೆ ಎಂದು ಕೇಳಿದ್ದಾರೆ. ‘ನೇಮಕಾತಿಯು ಕಾರ್ಯಾಂಗ ಮತ್ತು ನ್ಯಾಯಾಂಗದ ನಡುವಿನ ನಿರಂತರ, ಸಮಗ್ರ ಹಾಗೂ ಸಹಯೋಗದ ಪ್ರಕ್ರಿಯೆ’ ಎಂದು ಉತ್ತರ. ಈ ವಾಕ್ಯವನ್ನು ಕಾನೂನು ಸಚಿವಾಲಯ ಎಷ್ಟೋ ವರ್ಷಗಳಿಂದ ಎಲ್ಲ ಪಕ್ಷದ ಸಂಸದರಿಗೂ ಕೊಡುತ್ತಾ ಬಂದಿದೆ. ನಮ್ಮ ಹೈಕೋರ್ಟ್‌ಗೆ ಮಂಜೂರಾಗಿರುವುದು 62 ನ್ಯಾಯಮೂರ್ತಿ ಹುದ್ದೆ. ಧಾರವಾಡ, ಕಲಬುರಗಿ ಪೀಠಗಳಿಗೂ ಇವರಿಂದಲೇ ಆಗಬೇಕು. ನೇಮಕಕ್ಕೆ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿಯಾದ ಕಾಲೇಜಿಯಂ ಕಳುಹಿಸಿದ ಯಾವ ಹೆಸರು ಸಚಿವಾಲಯದಲ್ಲಿ ಎಷ್ಟು ತಿಂಗಳಿಂದ ಉಳಿದಿದೆ ಎಂದು ಕೇಳಿದ್ದರೆ ‘ಸಹಯೋಗ’ ಎಂದು ಹೇಳಿ ಮುಗಿಸಲು ಆಗುತ್ತಿರಲಿಲ್ಲ.

ಭಾವ: ಉತ್ತರ ಹಾರಿಕೆಯದಾದರೆ ಅದು ಸಚಿವರ ತಪ್ಪು. ಕೇಳಿದವರನ್ನು ಏಕೆ ದೂರುತ್ತೀಯ?

ನಾನು: ಅರ್ಧ ಒಪ್ಪುತ್ತೇನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಅವಕ್ಕಷ್ಟೇ ಸಚಿವರು ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಹಾಕಬಹುದು. ಉಳಿದ 230ಕ್ಕೆ ಲಿಖಿತ ಉತ್ತರ ಮಾತ್ರ. ಯಾರದು ಯಾವ ಸಾಲಿಗೆ ಎನ್ನುವುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ನಮ್ಮ ಸಂಸದರ ಪ್ರಶ್ನೆಗಳೆಲ್ಲ ಚುಕ್ಕೆ ಇಲ್ಲದವು. ಅದು ಅವರ ತಪ್ಪಲ್ಲ. ಆದರೆ ಮರುಪ್ರಶ್ನೆಗೆ ಅವಕಾಶವಿಲ್ಲ ಎಂದು ಗೊತ್ತಿದ್ದ ಮೇಲೆ ಬರೆಯುವಾಗಲೇ ಬಿಗಿಯಾಗಿ ಬರೆಯಬೇಕು. ಇಲಾಖೆಯ ಕಡತದಲ್ಲಿ ಏನಿದೆಯೋ ಅದನ್ನೇ ಕೇಳಬೇಕು.

ಅಣ್ಣ: ನೀನೂ ಕೊನೆಗೆ ಭಾವನ ಕಡೆಗೇ ವಾಲಿದೆ. ಬಿಗಿಯಾಗಿ ಬರೆದರೂ ಅವರು ಸುಳ್ಳು ಹೇಳಿದರೆ?

ನಾನು: ಅಣ್ಣ, ಕೋವಿಡ್ ಕಾಲದ ಆಮ್ಲಜನಕದ ಪ್ರಶ್ನೆಯನ್ನು ನೆನಪಿಸಿಕೋ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ಎರಡು ಜಿಲ್ಲಾಡಳಿತಗಳು ಒಬ್ಬರ ಮೇಲೊಬ್ಬರು ಹೊರಿಸಿಕೊಂಡದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಹೈಕೋರ್ಟ್‌ನ ಆದೇಶದಿಂದ ರಚನೆಯಾದ ಸಮಿತಿ ಆಮ್ಲಜನಕದ ಕೊರತೆಯನ್ನು ವರದಿಯಲ್ಲಿ ದಾಖಲಿಸಿತು. ಎರಡೂವರೆ ತಿಂಗಳ ನಂತರ, ಜುಲೈ 20ರಂದು, ರಾಜ್ಯಸಭೆಯಲ್ಲಿ ಆರೋಗ್ಯ ಸಚಿವಾಲಯದ ಲಿಖಿತ ಉತ್ತರ ಬಂತು. ಆರೋಗ್ಯ ರಾಜ್ಯದ ವಿಷಯ, ಆಮ್ಲಜನಕದ ಕೊರತೆಯಿಂದಾದ ಸಾವನ್ನು ಯಾವ ರಾಜ್ಯವೂ ಕೇಂದ್ರಾಡಳಿತ ಪ್ರದೇಶವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು.

ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ನಿಧಾನವಾಗಿ ಮತ್ತೆ ಓದು. ಸಾವೇ ಆಗಿಲ್ಲ ಎಂದು ಅವರು ಬರೆದಿಲ್ಲ. ರಾಜ್ಯಗಳು ತಿಳಿಸಿಲ್ಲ ಎಂದು ಬರೆದಿದ್ದಾರೆ. ಹಾಗಾದರೆ ಚಾಮರಾಜನಗರದ 24 ಜನರ ಬಗ್ಗೆ ನಮ್ಮ ರಾಜ್ಯ ದೆಹಲಿಗೆ ಏನೆಂದು ಬರೆಯಿತು? ಆ ಕಾಗದ ಎಲ್ಲಿದೆ, ಯಾರು ಸಹಿ ಮಾಡಿದರು? ವಿಧಾನಸೌಧದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ದೆಹಲಿಯ ಉತ್ತರವೇ ನಮ್ಮ ಕೈಗಿತ್ತಿತು. ಗದ್ದಲವೆದ್ದ ಮೇಲೆ ಕೇಂದ್ರವೂ ಸುಮ್ಮನಿರಲಾಗಲಿಲ್ಲ, ರಾಜ್ಯಗಳಿಂದ ಆ ಲೆಕ್ಕವನ್ನು ತರಿಸಿಕೊಳ್ಳಲು ಮುಂದಾಯಿತು. ಭಾಷಣದಲ್ಲಿ ಹೇಳಿದ್ದನ್ನು ನಾಳೆ ‘ಹಾಗೆ ಹೇಳಲಿಲ್ಲ’ ಎನ್ನಬಹುದು. ಲಿಖಿತ ಉತ್ತರ ಕೊಟ್ಟ ಮೇಲೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ.

ಅತ್ತಿಗೆ: ವಲಸೆ ಕಾರ್ಮಿಕರ ವಿಷಯದಲ್ಲೂ ಹೀಗೆಯೇ ಆಗಿತ್ತಲ್ಲವೇ?

ನಾನು: ಹೌದು ಅತ್ತಿಗೆ. 2020ರ ಸೆಪ್ಟೆಂಬರ್‌ನಲ್ಲಿ. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟು ದಾರಿಯಲ್ಲಿ ಸತ್ತ ಕಾರ್ಮಿಕರೆಷ್ಟು ಎಂಬುದಕ್ಕೆ ‘ಅಂಥ ದತ್ತಾಂಶವನ್ನು ಇಟ್ಟುಕೊಂಡಿಲ್ಲ’ ಎಂದು ಕಾರ್ಮಿಕ ಸಚಿವಾಲಯ ಬರೆದುಕೊಟ್ಟಿತು. ಲೆಕ್ಕವಿಲ್ಲದ ಮೇಲೆ ಪರಿಹಾರದ ಪ್ರಶ್ನೆಯೇ ಬರುವುದಿಲ್ಲ ಎಂದೂ ಸೇರಿಸಿತು. ಆ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ ಉಳಿದಿತ್ತು. ಅದೂ ಇಲ್ಲದಿದ್ದರೆ ಸರ್ಕಾರ ಎಣಿಸಲೇ ಇಲ್ಲ ಎಂಬುದು ಸರ್ಕಾರದ ಬಾಯಿಂದಲೇ ದಾಖಲಾಗುತ್ತಿರಲಿಲ್ಲ.

ಸುಬೇದಾರ್ ಮಾವ: ನನ್ನ ಮಾತಿಗೆ ನೀನು ಉತ್ತರಿಸಲಿಲ್ಲ ಮಗು.

ನಾನು: ಮಾವ, ಗುಟ್ಟಿನ ವಿಷಯ ಕೇಳುವ ಪ್ರಶ್ನೆಯನ್ನು ಸದನದ ನಿಯಮವೇ ಒಳಗೆ ಬಿಡುವುದಿಲ್ಲ. ಯಾವ ಠಾಣೆಯಲ್ಲಿ ಎಷ್ಟು ತುಕಡಿ ಎಂದು ಯಾರೂ ಕೇಳುತ್ತಿಲ್ಲ. ಪಟ್ಟಿಯಲ್ಲಿರುವ ರಕ್ಷಣಾ ಪ್ರಶ್ನೆ ಅಗ್ನಿವೀರರದು, ಅಂದರೆ ಅಗ್ನಿಪಥ ಯೋಜನೆಯಲ್ಲಿ ಸೇನೆಗೆ ಸೇರಿದ ಹುಡುಗರದು. ಯೋಜನೆ ಘೋಷಣೆಯಾದದ್ದು 2022ರ ಜೂನ್‌ನಲ್ಲಿ, ನಾಲ್ಕು ವರ್ಷದ ಸೇವೆ, ಕೊನೆಗೆ ಶೇ 25ರಷ್ಟು ಮಂದಿಯವರೆಗೆ ಕಾಯಂ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಪಡೆದು ಮನೆಗೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಮೊದಲ ತಂಡಗಳು 2022ರ ಕೊನೆಯಲ್ಲಿ, 2023ರ ಆರಂಭದಲ್ಲಿ ತರಬೇತಿಗೆ ಸೇರಿದವು. ಹಿಂದಿರುಗುವ ಹುಡುಗರಿಗೆ ಎಲ್ಲಿ, ಯಾವ ಹುದ್ದೆ ಕಾಯ್ದಿರಿಸಿದ್ದಾರೆ ಎಂದು ಕೇಳಿದರೆ ಶತ್ರುವಿಗೆ ಯಾವ ಲಾಭ? ನಮ್ಮ ಜಿಲ್ಲೆಯಿಂದಲೂ ಹೋಗಿದ್ದಾರೆ.

ಸುಬೇದಾರ್ ಮಾವ: ಇದಾದರೆ ಕೇಳಬೇಕಾದದ್ದೇ. ಆದರೆ ನಿಮ್ಮ ಸಂಸದರು ಕೇಳಿದ ರೀತಿ ಸರಿಯಿಲ್ಲ. ‘ಅಗ್ನಿವೀರರ ಕಲ್ಯಾಣಕ್ಕೆ ಕೈಗೊಂಡ ಕ್ರಮಗಳೇನು’ ಎಂದರೆ ಯೋಜನೆಗಳ ಹೆಸರನ್ನು ಸಾಲಾಗಿ ಬರೆದುಕೊಡುತ್ತಾರೆ. ನನ್ನ ಪ್ರಶ್ನೆ ಬರೆದುಕೋ. ಕಾಯಂ ಮಾಡುವಾಗ ಒಬ್ಬ ಹುಡುಗನಿಗೆ ಅಂಕ ಕೊಡುವವರು ಯಾರು, ಆ ಅಂಕ ಅವನಿಗೆ ಗೊತ್ತಾಗುತ್ತದೆಯೇ, ಒಪ್ಪಿಗೆಯಾಗದಿದ್ದರೆ ಯಾರ ಮುಂದೆ ಹೇಳಿಕೊಳ್ಳಬೇಕು? ಪಲ್ಟನ್‌ನಲ್ಲಿ ಒಟ್ಟಿಗೆ ಉಂಡು ಒಟ್ಟಿಗೆ ಮಲಗಿದ ನಾಲ್ವರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುವುದಾದರೆ ಉಳಿದ ಮೂವರಿಗೆ ಕಾರಣ ಗೊತ್ತಿರಬೇಕು. ಕರ್ತವ್ಯದಲ್ಲಿ ಸತ್ತರೆ 48 ಲಕ್ಷದ ವಿಮೆ ಇದೆ, ಪರಿಹಾರಧನವೂ ಇದೆ, ಒಪ್ಪುತ್ತೇನೆ. ಆದರೆ ಕಾಯಂ ಸೈನಿಕನ ಹೆಂಡತಿಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಅಗ್ನಿವೀರನ ಮನೆಗೆ ಏಕಿಲ್ಲ? ಇದನ್ನೂ ಸೇರಿಸು.

ಭಾವ: ಮಾವ, ಇದನ್ನೇ ಸಂಸದರಿಗೆ ಕಳುಹಿಸೋಣ. ಜಿಲ್ಲಾ ಕಚೇರಿಯಲ್ಲಿ ನನಗೆ ಪರಿಚಯವಿದೆ.

ಅಣ್ಣ: ಪರಿಚಯವಿದ್ದರೆ ಮಾತ್ರ ಪ್ರಶ್ನೆ ದೆಹಲಿ ತಲುಪುತ್ತದೆ ಎಂದಾದರೆ ಉಳಿದವರ ಗತಿ?

ನಾನು: ಅಣ್ಣ ಹೇಳುವುದರಲ್ಲಿ ಹುರುಳಿದೆ ಭಾವ. ಪತ್ರವನ್ನು ಅಂಚೆಯಲ್ಲೇ ಕಳುಹಿಸೋಣ, ಸ್ವೀಕೃತಿ ಕೇಳೋಣ. ಪ್ರಶ್ನೆಗೆ ಪೂರ್ತಿ 15 ದಿನ ಮೊದಲೇ ಸೂಚನೆ ಕೊಡಬೇಕು, ಅಧಿವೇಶನ ಶುರುವಾದ ಮೇಲೆ ಬರೆದರೆ ತಡವಾಗುತ್ತದೆ. ಒಂದು ಪ್ರಶ್ನೆ 150 ಪದ ಮೀರುವಂತಿಲ್ಲ. ಅಭಿಪ್ರಾಯ ಕೇಳುವಂತಿಲ್ಲ. ಚಿಕ್ಕಮ್ಮ, ನಿಮ್ಮ ವಿಷಯವನ್ನು ಹೀಗೆ ಬರೆದಿದ್ದೇನೆ. ನವೋದಯ ಶಾಲೆಗಳು ಕೇಂದ್ರದವೇ ಆದ್ದರಿಂದ ‘ರಾಜ್ಯವನ್ನು ಕೇಳಿ’ ಎನ್ನಲು ಅವರಿಗೆ ಬರುವುದಿಲ್ಲ.

‘ಶಿಕ್ಷಣ ಸಚಿವರು ದಯವಿಟ್ಟು ತಿಳಿಸುವರೇ:
ಅ) ಕರ್ನಾಟಕದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳೆಷ್ಟು, ಅವುಗಳಲ್ಲಿ ಭರ್ತಿಯಾಗಿರುವುದೆಷ್ಟು, ವಿದ್ಯಾಲಯವಾರು ಮತ್ತು ವಿಷಯವಾರು;
ಆ) ಪ್ರತಿಯೊಂದು ಖಾಲಿ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ;
ಇ) ಆ ಜಾಗದಲ್ಲಿ ಗುತ್ತಿಗೆಯ ಮೇಲೆ ಪಾಠ ಮಾಡುತ್ತಿರುವವರೆಷ್ಟು;
ಈ) ಕಾಯಂ ನೇಮಕಾತಿಯನ್ನು ಯಾವ ತಿಂಗಳೊಳಗೆ ಮುಗಿಸಲಾಗುವುದು?’

ಚಿಕ್ಕಮ್ಮ: ಚೆನ್ನಾಗಿದೆ ಪುಟ್ಟಿ. ‘ಇ’ಯಲ್ಲಿ ಅವರ ತಿಂಗಳ ಸಂಬಳವನ್ನೂ ಕೇಳು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುತ್ತಿಗೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಬೇಸಿಗೆ ರಜೆ ಬಂತೆಂದರೆ ಸಂಬಳ ನಿಲ್ಲುತ್ತದೆ.

ನಾನು: ಸೇರಿಸಿದೆ. ಆರೋಗ್ಯಕ್ಕೂ ಹೀಗೆಯೇ ಮಾಡೋಣ. ‘ಗ್ರಾಮೀಣ ಆರೋಗ್ಯ ಸುಧಾರಣೆ’ ಎಂದು ಕೇಳುವ ಬದಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಖಾಲಿ ಇರುವ ವೈದ್ಯರ ಮತ್ತು ಶುಶ್ರೂಷಕರ ಹುದ್ದೆಗಳನ್ನು ಕೇಳಬೇಕು. ಅದು ಕೇಂದ್ರದ ಸಂಸ್ಥೆ. ಆಯುಷ್ಮಾನ್ ಯೋಜನೆಯಲ್ಲಿ ಈ ವರ್ಷ ಕರ್ನಾಟಕಕ್ಕೆ ಬಿಡುಗಡೆಯಾದ ಕೇಂದ್ರದ ಪಾಲು ಎಷ್ಟು, ಬಾಕಿ ಎಷ್ಟು ಎಂದೂ ಕೇಳಬೇಕು.

ಭಾವ: ಇಷ್ಟಕ್ಕೂ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಬರೆದು ಕೈತೊಳೆದುಕೊಂಡರೆ?

ನಾನು: ಹಾಗೆ ಬರೆದ ಕ್ಷಣವೇ ಅದು ಸದನಕ್ಕೆ ಕೊಟ್ಟ ಭರವಸೆಯಾಗುತ್ತದೆ ಭಾವ. ಮೂರು ತಿಂಗಳೊಳಗೆ ಈಡೇರಿಸಬೇಕು. ಅದನ್ನು ನೋಡಿಕೊಳ್ಳಲೆಂದೇ ಸರ್ಕಾರಿ ಭರವಸೆಗಳ ಸಮಿತಿ 1953ರಿಂದ ಇದೆ. ಆದರೆ ಸಮಿತಿಯ ಬಾಗಿಲು ತಟ್ಟುವವರು ಬೇಕು. ನಮ್ಮ ಸಂಸದರಿಗೆ ಬಂದ ಉತ್ತರಗಳಲ್ಲಿ ಎರಡು ಈ ಬಗೆಯವು. ಅವು ಏನಾದವು ಎಂಬುದನ್ನು ಮುಂದಿನ ಚಿತ್ರದಲ್ಲಿ ಹಾಕಿಸಿದರೆ ನಾನೇ ಎಲ್ಲ ಗುಂಪುಗಳಿಗೂ ಕಳುಹಿಸುತ್ತೇನೆ. ಎಷ್ಟು ಕೇಳಿದರು ಎನ್ನುವುದನ್ನು ಮಾತ್ರ ಹಾಕಿದರೆ ಕಳುಹಿಸುವುದಿಲ್ಲ, ಯಾವ ಪಕ್ಷದವರದಾದರೂ ಸರಿ.

ಭಾವ: ಕಚೇರಿಯಲ್ಲಿ ಕೇಳಿ ನೋಡುತ್ತೇನೆ. ಆದರೂ ಹೇಳುತ್ತೇನೆ, ಕೇಳದೆ ಕುಳಿತವರಿಗಿಂತ ಕೇಳಿದವರು ಮೇಲು.

ಅಣ್ಣ: ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ, ಆದರೆ ಊರ ರಸ್ತೆ ಅದರಲ್ಲಿರಬೇಕು.

ನಾನು: ಅದು ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಯಾದರೆ ಕೇಂದ್ರದಲ್ಲೇ ಕೇಳಬಹುದು, ಗ್ರಾಮೀಣಾಭಿವೃದ್ಧಿ ಸಚಿವಾಲಯದ ಪಾಲಿಗೆ ಬರುತ್ತದೆ. ಐದು ವರ್ಷ ಗುತ್ತಿಗೆದಾರನೇ ನಿರ್ವಹಿಸಬೇಕು ಎಂಬ ಷರತ್ತು ಇರುತ್ತದೆ. ರಸ್ತೆ ಶುರುವಾಗುವಲ್ಲಿ ಫಲಕವಿದೆಯಲ್ಲ, ಕಾಮಗಾರಿ ಮುಗಿದ ದಿನಾಂಕ ಅದರಲ್ಲಿರಬೇಕು.

ಅಣ್ಣ: ಫಲಕ ಅರ್ಧ ಮುರಿದಿದೆ, ದಿನಾಂಕ ಕಾಣಿಸುತ್ತದೆಯೋ ಇಲ್ಲವೋ. ಸಂಜೆ ಹೋಗಿ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.