ಕಹಿ ಸುದ್ದಿ ತಿಳಿಸುವ ಬಗ್ಗೆ ವೈದ್ಯರ ಮನೋಭಾವವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕ್ಯಾನ್ಸರ್‌ನಂಥ ಗಂಭೀರ ಕಾಯಿಲೆಯ ಸುದ್ದಿಯನ್ನು ರೋಗಿಗೆ ತಿಳಿಸುವ ವಿಷಯದಲ್ಲಿ ವೈದ್ಯರ ಮನೋಭಾವ ಹೇಗಿದೆ ಎಂಬುದನ್ನು ನನ್ನ ಪ್ರಬಂಧಕ್ಕೆ ಆಯ್ದುಕೊಂಡಿದ್ದೇನೆ. 24 ಹೇಳಿಕೆಗಳ ಪ್ರಶ್ನಾವಳಿ ಸಿದ್ಧಪಡಿಸಿ, ಪ್ರತಿಯೊಂದಕ್ಕೂ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಕಿಂಚಿತ್ತೂ ಒಪ್ಪುವುದಿಲ್ಲ’ದವರೆಗೆ ಐದು ಹಂತಗಳನ್ನಿಟ್ಟು, 30 ವೈದ್ಯರಿಂದ ಪ್ರಾಯೋಗಿಕವಾಗಿ ತುಂಬಿಸಿದೆ. ‘ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕು ರೋಗಿಗಿದೆ’ ಎಂಬುದಕ್ಕೆ ಬಹುತೇಕ ಎಲ್ಲರೂ ಒಪ್ಪಿಗೆ ಸೂಚಿಸಿದ್ದಾರೆ. ಆದರೆ ಒಟ್ಟು ಪ್ರಶ್ನಾವಳಿಯ ಕ್ರಾನ್‌ಬಾಕ್ ಆಲ್ಫಾ, ಅಂದರೆ ಹೇಳಿಕೆಗಳ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದರ ಸೂಚ್ಯಂಕ, 0.6ಕ್ಕಿಂತ ಕೆಳಗಿದೆ. ಹೊಂದದ ಹೇಳಿಕೆಗಳನ್ನು ಕಿತ್ತುಹಾಕಿದರೆ ಆಲ್ಫಾ ಏರುತ್ತದೆ ಎಂದು ಸಲಹೆ ಬಂದಿದೆ. ಹಾಗೆ ಮಾಡಲೇ?

ಉತ್ತರ: ಸದ್ಯಕ್ಕೆ ಏನನ್ನೂ ಕೀಳಬೇಡಿ. ಎಲ್ಲರೂ ಒಪ್ಪಿದ ಹೇಳಿಕೆಯಿಂದ ಒಬ್ಬ ವೈದ್ಯರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಗೊತ್ತಾಗುವುದಿಲ್ಲ. ಯಾವ ಉತ್ತರ ಸರಿಯೆಂದು ಎಲ್ಲರೂ ಅರಿತಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತದೆ.

ಈ ವಿಷಯದ ಅಳತೆಯ ಇತಿಹಾಸವನ್ನು ಒಮ್ಮೆ ನೋಡಿ. ಡೊನಾಲ್ಡ್ ಓಕನ್ ಅವರು ಷಿಕಾಗೋದ ಒಂದು ಆಸ್ಪತ್ರೆಯ 219 ವೈದ್ಯರನ್ನು ವಿಚಾರಿಸಿ 1961ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಶೇ. 90ರಷ್ಟು ಮಂದಿ ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಲೇಸೆಂದಿದ್ದರು. ನೊವ್ಯಾಕ್ ಮತ್ತು ಸಂಗಡಿಗರು ಅದೇ ಪ್ರಶ್ನಾವಳಿಯನ್ನು ರಾಚೆಸ್ಟರ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬಳಸಿ 1979ರಲ್ಲಿ ಪ್ರಕಟಿಸಿದಾಗ, ಉತ್ತರಿಸಿದ 264 ವೈದ್ಯರಲ್ಲಿ ಶೇ. 97 ಮಂದಿ ಹೇಳುವುದೇ ಸರಿ ಎಂದರು. ಊರು ಬೇರೆ, ಆಸ್ಪತ್ರೆ ಬೇರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇದು ದೊಡ್ಡ ಪಲ್ಲಟವೇ. ಆದರೆ ನನಗೆ ಹೆಚ್ಚು ಕುತೂಹಲಕರವಾಗಿ ಕಾಣುವುದು ಓಕನ್ ಅವರ ಇನ್ನೊಂದು ಗಮನಿಕೆ: ತಮ್ಮ ನಿಲುವಿಗೆ ವೃತ್ತಿಯ ಅನುಭವವೇ ಆಧಾರವೆಂದು ವೈದ್ಯರು ಹೇಳಿಕೊಂಡರೂ, ಕೆದಕಿ ನೋಡಿದಾಗ ಅದು ಬಹುಮಟ್ಟಿಗೆ ಮೊದಲೇ ಮನಸ್ಸಿನಲ್ಲಿ ಬೇರೂರಿದ್ದ ಭಾವನೆಯಾಗಿತ್ತು. ನಿಮ್ಮ ಪ್ರಶ್ನಾವಳಿ ಮುಟ್ಟಬೇಕಾದದ್ದು ಆ ಭಾವನೆಯನ್ನು.

ಇನ್ನು ಆಲ್ಫಾ. ನೀವು ಕಳುಹಿಸಿದ ಹೇಳಿಕೆಗಳನ್ನು ಓದಿದೆ. ‘ಹೇಳಬೇಕು’ ಎಂಬ ನಂಬಿಕೆ, ‘ನನಗೆ ಹೇಳಲು ಬರುತ್ತದೆ’ ಎಂಬ ಆತ್ಮವಿಶ್ವಾಸ, ‘ನಾನು ಹೇಳುತ್ತೇನೆ’ ಎಂಬ ರೂಢಿ, ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಹೇಳಬೇಕೆಂದು ಗಾಢವಾಗಿ ನಂಬಿಯೂ ಆ ಕ್ಷಣದಲ್ಲಿ ಬಾಯಿ ಕಟ್ಟಿದಂತಾಗುವ ವೈದ್ಯರಿದ್ದಾರೆ; ನಾನೂ ಬಹಳ ವರ್ಷ ಅಂಥವನೇ ಆಗಿದ್ದೆ. ಮೂರನ್ನೂ ಕೂಡಿಸಿದ ಮೊತ್ತಕ್ಕೆ ಅರ್ಥವಿಲ್ಲ, ಆಲ್ಫಾ ಕುಸಿದಿರುವುದು ಬಹುಶಃ ಅದರಿಂದಲೇ. ಒಂದೇ ಮಾತನ್ನು ನಾಲ್ಕು ಬಗೆಯಲ್ಲಿ ತಿರುಗಿಸಿ ಕೇಳಿದರೆ ಆಲ್ಫಾ ಚೆನ್ನಾಗಿ ಏರುತ್ತದೆ, ಅಳತೆ ಮಾತ್ರ ಉತ್ತಮಗೊಳ್ಳುವುದಿಲ್ಲ. ಮೂರನ್ನೂ ಬೇರ್ಪಡಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕಿ. 30 ಮಂದಿಯ ಉತ್ತರದಿಂದ ಯಾವ ತೀರ್ಮಾನಕ್ಕೂ ಬರಬೇಡಿ. 24 ಹೇಳಿಕೆಗಳ ಒಳರಚನೆ, ಅಂದರೆ ಯಾವ ಹೇಳಿಕೆ ಯಾವುದರ ಜೊತೆ ಗುಂಪಾಗುತ್ತದೆ ಎಂಬುದನ್ನು ತಿಳಿಯಲು ಸಾಮಾನ್ಯವಾಗಿ ಹೇಳಿಕೆಯೊಂದಕ್ಕೆ ಐದರಿಂದ ಹತ್ತು ಮಂದಿಯಾದರೂ ಬೇಕೆನ್ನುತ್ತಾರೆ.

ಮರುಪ್ರಶ್ನೆ: ಹಾಗಾದರೆ ಎಲ್ಲರೂ ಒಪ್ಪದಂಥ ಹೇಳಿಕೆಗಳನ್ನು ಬರೆಯುವುದು ಹೇಗೆ? ಕಹಿ ಸುದ್ದಿ ತಿಳಿಸುವ ಸ್ಪೈಕ್ಸ್ (SPIKES) ಕ್ರಮದ ಆರು ಹಂತಗಳನ್ನೇ ಹೇಳಿಕೆಗಳಾಗಿ ಪರಿವರ್ತಿಸಬಹುದೇ?

ಉತ್ತರ: ಸ್ಪೈಕ್ಸ್ ಅನ್ನು ಬೈಲ್, ಬಕ್‌ಮನ್ ಮತ್ತಿತರರು 2000ದಲ್ಲಿ ಪ್ರಕಟಿಸಿದ್ದು ಸುದ್ದಿ ತಿಳಿಸುವವರಿಗೆ ದಾರಿ ತೋರಿಸಲು. ಅದರಿಂದ ಪ್ರಶ್ನಾವಳಿ ಮಾಡಿದರೆ ವೈದ್ಯರಿಗೆ ಆ ಹಂತಗಳು ಗೊತ್ತಿವೆಯೇ ಎಂದು ಪರೀಕ್ಷಿಸಿದಂತಾಗುತ್ತದೆ, ಮನೋಭಾವ ಸಿಗುವುದಿಲ್ಲ. ಈಗಿನ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸಂವಹನದ ಪಾಠ ಸೇರಿರುವುದರಿಂದ ಕಿರಿಯ ವೈದ್ಯರು ಚೆನ್ನಾಗಿಯೇ ಅಂಕ ಗಳಿಸುತ್ತಾರೆ.

ನಮ್ಮಲ್ಲಿ ಅಭಿಪ್ರಾಯಗಳು ಕವಲೊಡೆಯುವ ಜಾಗ ಬೇರೆ. ‘ಡಾಕ್ಟ್ರೇ, ಅಪ್ಪನಿಗೆ ಮಾತ್ರ ಹೇಳಬೇಡಿ’ ಎಂದು ಮಗ ಹೊರರೋಗಿ ವಿಭಾಗದ ಬಾಗಿಲಲ್ಲೇ ಕೈಹಿಡಿದು ಕೇಳಿಕೊಳ್ಳುವ ಹೊತ್ತಿನಲ್ಲಿ ವೈದ್ಯರ ನಿಜವಾದ ನಿಲುವು ಹೊರಬರುತ್ತದೆ. ಆದ್ದರಿಂದ ತತ್ತ್ವವನ್ನು ಬಿಟ್ಟು ಸನ್ನಿವೇಶವನ್ನು ಕೊಡಿ: ಹಾವೇರಿ ಕಡೆಯ 62 ವರ್ಷದ ರೈತ, ಜಠರದ ಕ್ಯಾನ್ಸರ್, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ವರದಿ ಹಿಡಿದು ಮೊದಲು ಒಳಗೆ ಬಂದಿದ್ದಾನೆ, ತಂದೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ನೀವು ಮೊದಲು ಏನು ಮಾಡುತ್ತೀರಿ? ಅದೇ ಸನ್ನಿವೇಶದಲ್ಲಿ ಒಂದೊಂದೇ ಅಂಶವನ್ನು ಬದಲಿಸಿ. ರೋಗಿ ಮಹಿಳೆಯಾದರೆ, ಶಾಲಾ ಶಿಕ್ಷಕರಾದರೆ, ಕಾಯಿಲೆ ಗುಣವಾಗುವಂಥದ್ದಾದರೆ, ರೋಗಿಯೇ ‘ನನಗೇನಾಗಿದೆ’ ಎಂದು ನೇರವಾಗಿ ಕೇಳಿದರೆ ಉತ್ತರ ಬದಲಾಗುತ್ತದೆಯೇ ಎಂಬುದು ಹೇಳಬಲ್ಲಷ್ಟನ್ನು ‘ಹಕ್ಕು’ ಎಂಬ ಪದವಿರುವ ಹತ್ತು ಹೇಳಿಕೆಗಳು ಹೇಳಲಾರವು.

ಪದಗಳನ್ನೂ ಕೇಳಿ. ‘ಗಡ್ಡೆ’, ‘ಹುಣ್ಣು’ ಎಂದು ಹೇಳಿ, ವಿಕಿರಣ ಚಿಕಿತ್ಸೆಯನ್ನು ‘ಕರೆಂಟ್ ಕೊಡುವುದು’ ಎಂದು ವಿವರಿಸಿ ಕಳುಹಿಸಿದ ವೈದ್ಯರು ತಾವು ಸುದ್ದಿ ತಿಳಿಸಿದ್ದೇವೆ ಎಂದೇ ಪ್ರಾಮಾಣಿಕವಾಗಿ ಗುರುತು ಹಾಕುತ್ತಾರೆ. ಪ್ರಶ್ನಾವಳಿ ಇಂಗ್ಲಿಷಿನಲ್ಲಿದ್ದರೂ, ರೋಗಿಯೊಡನೆ ಬಳಸುವ ಕನ್ನಡ ಪದವನ್ನು ಕನ್ನಡದಲ್ಲೇ ಬರೆಯಿಸಿ.

ನಿಮ್ಮ ಕೆಲವು ವಾಕ್ಯಗಳೂ ತಿದ್ದುಪಡಿ ಬೇಡುತ್ತವೆ. ‘ಸುದ್ದಿಯನ್ನು ನಿಧಾನವಾಗಿ ಮತ್ತು ಸ್ಪಷ್ಟವಾಗಿ ತಿಳಿಸಬೇಕು’ ಎಂಬುದರಲ್ಲಿ ಎರಡು ಪ್ರಶ್ನೆಗಳಿವೆ. ‘ತಿಳಿಸದಿರುವುದು ಸರಿಯಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ’ ಎಂಬುದನ್ನು ನಾನೇ ಮೂರು ಸಲ ಓದಬೇಕಾಯಿತು.

ಅಂಕ ನೀಡುವಾಗ ಯಾವ ತುದಿಯನ್ನು ‘ಒಳ್ಳೆಯ ಮನೋಭಾವ’ ಎನ್ನುತ್ತೀರಿ ಎಂಬುದನ್ನೂ ಮೊದಲೇ ನಿರ್ಧರಿಸಿ, ಕಾರಣ ಬರೆದಿಡಿ. ಬ್ಲ್ಯಾಕ್‌ಹಾಲ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನಲ್ಲಿ 65 ದಾಟಿದ 800 ಹಿರಿಯರನ್ನು ವಿಚಾರಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಬ್ಬಿದ ಕ್ಯಾನ್ಸರ್‌ನ ವಿಷಯವನ್ನು ರೋಗಿಗೆ ತಿಳಿಸಬೇಕೆಂದವರು ಯುರೋಪು ಮೂಲದವರಲ್ಲಿ ಶೇ. 87, ಕೊರಿಯಾ ಮೂಲದವರಲ್ಲಿ ಶೇ. 47. ‘ಎಷ್ಟು ತಿಳಿಯಲು ಬಯಸುತ್ತೀರಿ’ ಎಂದು ರೋಗಿಯನ್ನೇ ಕೇಳಿ, ‘ಮಗನಿಗೆ ಹೇಳಿ ಸಾಕು’ ಎಂಬ ಉತ್ತರ ಪಡೆದು ಹಾಗೆಯೇ ನಡೆದುಕೊಂಡ ವೈದ್ಯರಿಗೂ, ರೋಗಿಯನ್ನು ಕೇಳದೆಯೇ ಮಗನಿಗೆ ಹೇಳಿದವರಿಗೂ ನಿಮ್ಮ ಪ್ರಶ್ನಾವಳಿ ಈಗ ಒಂದೇ ಅಂಕ ಕೊಡುತ್ತಿದೆ. ನನ್ನ ಮಟ್ಟಿಗೆ ಇದು ಅದರ ಅತಿ ದೊಡ್ಡ ದೋಷ.

ಇನ್ನೊಬ್ಬರ ಪ್ರಶ್ನೆ: ನಾನು ಕ್ಯಾನ್ಸರ್ ವಾರ್ಡಿನಲ್ಲಿ ಶುಶ್ರೂಷಕಿ. ಎಲ್ಲವನ್ನೂ ವಿವರಿಸಿದ್ದೇವೆ ಎಂದು ವೈದ್ಯರು ಕೇಸ್ ಶೀಟಿನಲ್ಲಿ ಬರೆದಿರುತ್ತಾರೆ. ರಾತ್ರಿ ಪಾಳಿಯಲ್ಲಿ ರೋಗಿಗಳು ನಮ್ಮನ್ನು ‘ಸಿಸ್ಟರ್, ನನಗೇನಾಗಿದೆ’ ಎಂದು ಕೇಳುತ್ತಾರೆ. ವೈದ್ಯರನ್ನಷ್ಟೇ ಕೇಳಿದರೆ ಸಾಕೇ?

ಉತ್ತರ: ಸಾಲದು. 1930ರ ದಶಕದಲ್ಲಿ ಲಾಪಿಯರ್ ಎಂಬ ಸಮಾಜವಿಜ್ಞಾನಿ ಚೀನೀ ದಂಪತಿಯೊಡನೆ ಅಮೆರಿಕದ 251 ವಸತಿಗೃಹ, ಉಪಾಹಾರಗೃಹಗಳಿಗೆ ಹೋದಾಗ ಒಂದೇ ಒಂದು ಕಡೆ ಪ್ರವೇಶ ನಿರಾಕರಿಸಿದರು. ಆಮೇಲೆ ಪತ್ರ ಬರೆದು ‘ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ’ ಎಂದು ವಿಚಾರಿಸಿದಾಗ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲವೆಂದರು. ಅಲ್ಲಿ ಮಾತು ಕಠೋರ, ನಡೆ ಮೃದು. ನಿಮ್ಮ ವಾರ್ಡಿನಲ್ಲಿ ಅದು ತಿರುವುಮುರುವಾಗಿದೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ರೋಗಿಗಳಲ್ಲಿ ಕೆಲವರನ್ನಾದರೂ ಮಾತನಾಡಿಸುವುದು ಒಳ್ಳೆಯದು. ಆದರೆ ಇಲ್ಲೊಂದು ಅಪಾಯವಿದೆ. ‘ನಿಮಗೆ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಗೆ ತಿಳಿಸಿದರು’ ಎಂದು ಕೇಳಿದ ಕ್ಷಣ ಆ ಪದವನ್ನು ಮೊದಲ ಬಾರಿಗೆ ಉಚ್ಚರಿಸಿದವರು ಸಂಶೋಧಕರೇ ಆಗಿಬಿಡಬಹುದು. ‘ನಿಮ್ಮ ಕಾಯಿಲೆಯ ಬಗ್ಗೆ ಇಲ್ಲಿಯವರೆಗೆ ನಿಮಗೆ ಏನು ಹೇಳಿದ್ದಾರೆ’ ಎಂದಷ್ಟೇ ಕೇಳಬೇಕು. ರೋಗಿ ಬಳಸಿದ ಪದವನ್ನೇ ತಾವೂ ಬಳಸಬೇಕು. ಒಪ್ಪಿಗೆ ಪತ್ರದ ಶೀರ್ಷಿಕೆಯಲ್ಲೂ ಕಾಯಿಲೆಯ ಹೆಸರಿರಬಾರದು. ಇದನ್ನು ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಗೆ ಮುಂಚಿತವಾಗಿ ವಿವರಿಸಿ ಅನುಮತಿ ಪಡೆಯಬೇಕು.

ವಿದ್ಯಾರ್ಥಿನಿಯ ಮರುಪ್ರಶ್ನೆ: ಕೊನೆಯದೊಂದು. ಹೆಸರು ಬರೆಯಬೇಕಿಲ್ಲ ಎಂದರೂ ಹಿರಿಯ ವೈದ್ಯರು ಪ್ರಶ್ನಾವಳಿ ತುಂಬಲು ಹಿಂಜರಿಯುತ್ತಿದ್ದಾರೆ.

ಉತ್ತರ: ಹಿಂಜರಿಕೆ ಸಕಾರಣವಾದುದು. ವಯಸ್ಸು, ಲಿಂಗ, ಹುದ್ದೆ, ವಿಭಾಗ ಎಲ್ಲವನ್ನೂ ಕೇಳಿದ್ದೀರಿ. ನಾಲ್ಕೇ ಜನರಿರುವ ವಿಭಾಗದಲ್ಲಿ ಅಷ್ಟು ವಿವರದ ಮೇಲೆ ಹೆಸರು ಬೇರೆ ಬೇಕೇ? ವಯಸ್ಸಿನ ಬದಲು ಅನುಭವದ ವರ್ಷಗಳನ್ನು ಎರಡು ಗುಂಪುಗಳಾಗಿ ಕೇಳಿ, ಹುದ್ದೆಯನ್ನು ಕೈಬಿಡಿ. ತುಂಬಿದ ಹಾಳೆಗಳನ್ನು ನಿಮ್ಮ ಕೈಗೆ ಕೊಡಿಸಿಕೊಳ್ಳಬೇಡಿ, ಮುಚ್ಚಿದ ಪೆಟ್ಟಿಗೆಗೆ ಹಾಕಿಸಿ, ಎಲ್ಲ ವಿಭಾಗಗಳದ್ದೂ ಸೇರಿದ ಮೇಲೆಯೇ ಅದನ್ನು ತೆರೆಯಿರಿ. ಉತ್ತರಗಳು ಸ್ಥಿರವಾಗಿವೆಯೇ ಎಂದು ನೋಡಲು ಎರಡು ವಾರ ಬಿಟ್ಟು ಅದೇ ವೈದ್ಯರಿಂದ ಮತ್ತೊಮ್ಮೆ ತುಂಬಿಸಬೇಕಾದಾಗ ಜೋಡಿ ಹೊಂದಿಸಲು, ಅವರಿಗಷ್ಟೇ ಗೊತ್ತಿರುವ ಒಂದು ಗುರುತಿನ ಸಂಖ್ಯೆಯನ್ನು ಅವರೇ ಆರಿಸಿಕೊಳ್ಳಲಿ.